ಕರ್ಜತ್‌ನ ಎನ್‌ಡಿ ಸ್ಟುಡಿಯೋ: ಗೋಡೆಯ ಹಿಂಬದಿಯನ್ನೂ ನೋಡಿ ಬನ್ನಿ

ಮಹಾರಾಷ್ಟ್ರದ ಕರ್ಜತ್ ಬಳಿ, ಕಲಾ ನಿರ್ದೇಶಕ ನಿತಿನ್ ಚಂದ್ರಕಾಂತ ದೇಸಾಯಿ ಅವರು 2005ರಲ್ಲಿ ಸುಮಾರು 52 ಎಕರೆ ಜಾಗದಲ್ಲಿ ಆರಂಭಿಸಿದ ಎನ್‌ಡಿ ಸ್ಟುಡಿಯೋವನ್ನು ನಾನು ನೋಡಿದ್ದು 2019ರಲ್ಲಿ. ತಾರೆಯರು ಓಡಾಡಿದ ಜಾಗವನ್ನು ಕಾಣುವ ಕುತೂಹಲದಿಂದ ಬಂದವರೇ ನಮ್ಮ ಗುಂಪಿನಲ್ಲಿ ಹೆಚ್ಚಿದ್ದರು. ನನಗೆ ಬೇಕಿದ್ದುದು ಅಲ್ಲಿನ ಗೋಡೆಗಳನ್ನು ಎಬ್ಬಿಸಿದವರ ಕೆಲಸ.

‘ಜೋಧಾ ಅಕ್ಬರ್’ ಚಿತ್ರಕ್ಕಾಗಿ ನಿರ್ಮಿಸಿದ್ದ ಆಗ್ರಾ ಕೋಟೆಯ ಮುಂದೆ ನಿಂತಾಗ ಅದು ಸೆಟ್ ಎಂದು ಗೊತ್ತಿದ್ದರೂ ಕಣ್ಣು ಒಪ್ಪಲಿಲ್ಲ. ಕೆಂಪು ಕಲ್ಲಿನಂತೆ ಕಂಡ ಕಂಬವೊಂದನ್ನು ಬೆರಳಿನಿಂದ ತಟ್ಟಿದೆ, ಒಳಗೆಲ್ಲ ಟೊಳ್ಳು ಸದ್ದು. ಕಲ್ಲಿನ ಬಣ್ಣ ಎಲ್ಲೆಡೆ ಒಂದೇ ಆಗಿರಲಿಲ್ಲ. ಮಳೆನೀರು ಇಳಿದಿರಬಹುದಾದ ಕಡೆ ಮಾಸಲು, ಕೈ ತಾಗಿ ಸವೆದಿರಬಹುದಾದ ಅಂಚಿನಲ್ಲಿ ನುಣುಪು. ನೂರಾರು ವರ್ಷಗಳ ಸವೆತವನ್ನು ಕುಂಚದಿಂದಲೇ ತಂದಿದ್ದರು. ಅದೇ ಗೋಡೆಯ ಹಿಂದಕ್ಕೆ ಹೋದರೆ ಬರಿಯ ಚೌಕಟ್ಟು, ಪ್ಲೈವುಡ್, ಮೊಳೆ. ಕ್ಯಾಮೆರಾದ ಕಣ್ಣು ಬೀಳದ ಕಡೆ ಒಂದು ಕೈ ಬಣ್ಣವನ್ನೂ ವ್ಯರ್ಥ ಮಾಡಿರಲಿಲ್ಲ. ಈ ಭಾಗದಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕೆಂದಿದ್ದೆ, ಆದರೆ ನಮ್ಮನ್ನು ಕರೆದೊಯ್ದ ಪ್ರವಾಸ ಸಂಸ್ಥೆಯವರು ಬಸ್ಸಿನ ಸಮಯವೆಂದು ಅವಸರಪಡಿಸಿದರು. ಸಾಧ್ಯವಿದ್ದವರು ಸ್ವಂತವಾಗಿಯೇ ಹೋಗುವುದು ಲೇಸು.

ದೇಸಾಯಿ ಅವರು ‘ತಮಸ್’ ಧಾರಾವಾಹಿಯಲ್ಲಿ ಕಲಾ ನಿರ್ದೇಶಕ ನಿತೀಶ್ ರಾಯ್ ಅವರ ಸಹಾಯಕರಾಗಿ ದುಡಿದು, ‘1942: ಎ ಲವ್ ಸ್ಟೋರಿ’ಯಿಂದ ಹೆಸರಾದವರು. ‘ಲಗಾನ್’ಗಾಗಿ ಕಚ್ಛ್‌ನ ಒಣ ನೆಲದಲ್ಲಿ ಹಳ್ಳಿಯೊಂದನ್ನೇ ಎಬ್ಬಿಸಿದ ಕೈಗಳೇ ಮರುವರ್ಷ ‘ದೇವದಾಸ್’ನ ಬಣ್ಣದ ಗಾಜಿನ ವೈಭವವನ್ನೂ ರೂಪಿಸಿದವು. ಇವೆರಡೂ ಸೇರಿದಂತೆ ಅವರಿಗೆ ನಾಲ್ಕು ಬಾರಿ ರಾಷ್ಟ್ರಪ್ರಶಸ್ತಿ ಬಂದಿದೆ. ನನ್ನ ಮಟ್ಟಿಗೆ ‘ಲಗಾನ್’ನ ಹಳ್ಳಿಯೇ ಹೆಚ್ಚಿನದು; ಅರಮನೆಯಾದರೆ ಕಣ್ಣನ್ನು ತಾನೇ ಸೆಳೆಯುತ್ತದೆ, ಮಣ್ಣಿನ ಗೋಡೆಯನ್ನು ಸೆಟ್ ಎಂದು ಯಾರಿಗೂ ಅನ್ನಿಸದಂತೆ ಕಟ್ಟುವುದು ಕಷ್ಟದ ಕೆಲಸ.

ನಾನು ತಟ್ಟಿ ನೋಡಿದ ಆ ಕೋಟೆ 2021ರ ಮೇ ತಿಂಗಳಲ್ಲಿ ಬೆಂಕಿಗೆ ಆಹುತಿಯಾಯಿತು. 2023ರ ಆಗಸ್ಟ್ 2ರಂದು ದೇಸಾಯಿ ಅವರು ಅದೇ ಸ್ಟುಡಿಯೋದಲ್ಲಿ ತೀರಿಕೊಂಡರು. ಸುದ್ದಿ ಓದಿದ ದಿನ ಅಲ್ಲಿ ತೆಗೆದ ಚಿತ್ರಗಳನ್ನು ಹುಡುಕಿದೆ. ಎಲ್ಲವೂ ಕೋಟೆಯ ಮುಂಭಾಗದವು; ಮೊಳೆ, ಪ್ಲೈವುಡ್ ಕಾಣುವ ಹಿಂಬದಿಯ ಒಂದು ಚಿತ್ರವನ್ನೂ ನಾನು ತೆಗೆದಿರಲಿಲ್ಲ.