ಬೋಟ್ ಸೀಟಿನ ಬೂಷ್ಟಿಗೆ ವಿನೆಗರ್ರಾ ಬ್ಲೀಚಾ? ಆರು ಸೀಟಿಗೆ ಬೇರೆ ಬೇರೆ ಹಾಕಿ ನೋಡ್ದೆ

ನಮ್ ಚಿಕ್ಕಪ್ಪಂದು ಹೊನ್ನಾವರದಲ್ಲಿ ಒಂದು ಟೂರಿಸ್ಟ್ ಬೋಟ್ ಇದೆ, ಶರಾವತಿ ಬ್ಯಾಕ್‌ವಾಟರಲ್ಲಿ ಜನರನ್ನ ಕೂರಿಸ್ಕೊಂಡು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಸುತ್ತಿಸಿ ಅಳಿವೆ ಹತ್ರ ಹೋಗಿ ವಾಪಸ್ ಬರೋದು. ಆರು ಸೀಟು, ಕ್ರೀಮ್ ಕಲರ್ ರೆಕ್ಸಿನ್, ನೀಲಿ ಬಾರ್ಡರ್. ಕ್ರೀಮ್ ಕಲರ್ ಬೇಡ ಅಂತ ಅವತ್ತೇ ಹೇಳಿದ್ದೆ, ಕೇಳೋರು ಯಾರು.

ಮಳೆಗಾಲದಲ್ಲಿ ಬೋಟ್ ಮೇಲೆ ಎಳೆದು ಇಡ್ತೀವಿ. ಹೋದ ವರ್ಷ ಜೂನಲ್ಲಿ ಟಾರ್ಪಾಲ್ ಕಟ್ಟಿದ್ದು ನಾನು, ಒಂದು ಹನಿ ನೀರು ಒಳಗೆ ಹೋಗ್ಬಾರ್ದು ಅಂತ ಸುತ್ತ ಬಿಗಿದು ಕಟ್ಟಿದ್ದೆ, ನೀರು ಹೋಗ್ಲಿಲ್ಲ ನಿಜ ಆದ್ರೆ ಗಾಳಿನೂ ಹೋಗ್ಲಿಲ್ಲ. ಸೆಪ್ಟೆಂಬರಲ್ಲಿ ಬಿಚ್ಚಿ ನೋಡಿದ್ರೆ ಆರೂ ಸೀಟ್ ಮೇಲೆ ಎಳ್ಳು ಚೆಲ್ಲಿದ ಹಾಗೆ ಕರೀ ಬೂಷ್ಟು. ಚಿಕ್ಕಪ್ಪ ಏನೂ ಬೈಲಿಲ್ಲ, ಒಂದು ಬಕೆಟ್ ತಂದು ಮುಂದೆ ಇಟ್ರು ಅಷ್ಟೇ.

ಹೆಂಗೂ ಉಜ್ಜಲೇಬೇಕು, ಹಾಗಾದ್ರೆ ಒಂದೊಂದು ಸೀಟಿಗೆ ಒಂದೊಂದು ಹಾಕಿ ನೋಡೋಣ ಅಂತ ಹೊರಟೆ.

ಮೊದಲ ಸೀಟಿಗೆ ವಿಮ್ ಲಿಕ್ವಿಡ್. ಅರ್ಧ ಬಕೆಟ್ ನೀರಿಗೆ ಎರಡು ಚಮಚ, ಮೆತ್ತನೆ ಬ್ರಷ್ಷು. ಮಣ್ಣು, ಬೆವರು, ಎಣ್ಣೆ ಜಿಡ್ಡು, ಜನ ಕಾಲಲ್ಲಿ ತರೋ ಕಾಂಡ್ಲಾ ರಾಡಿ (ಆ ನಾರೋ ಕರೀ ಕೆಸರು ಮಾರಾಯ್ರೆ) ಎಲ್ಲಾ ಹೋಯ್ತು. ಬೂಷ್ಟು ಮಾತ್ರ ಅರ್ಧಕ್ಕರ್ಧ ಹಾಗೇ ಉಳೀತು. ಒಂದು ವಿಷ್ಯ, ಸೋಪು ಹಾಕೋಕ್ ಮುಂಚೆ ಬಾವಿ ನೀರಲ್ಲಿ ಚೆನ್ನಾಗಿ ತೊಳೀಬೇಕು, ಯಾಕಂದ್ರೆ ಉಪ್ಪು ಹೊಲಿಗೆ ಸಂದಿಯಲ್ಲಿ ಕೂತಿರುತ್ತೆ, ಉಪ್ಪು ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ, ಅದಕ್ಕೇ ಬೆಳಿಗ್ಗೆ ಬಂದು ಮುಟ್ಟಿದ್ರೆ ಸೀಟ್ ಯಾವಾಗ್ಲೂ ಹಸಿ ಹಸಿ. ತೇವ ಇದ್ರೆ ಬೂಷ್ಟು ಮತ್ತೆ ಬರೋದೇ.

ಎರಡನೇದಕ್ಕೆ ಬ್ಲೀಚು, ಬಿಳಿ ಬಟ್ಟೆಗೆ ಹಾಕೋದು, ಹತ್ತು ಪಾಲು ನೀರಿಗೆ ಒಂದು ಪಾಲು. ಹತ್ತು ನಿಮಿಷದಲ್ಲಿ ಸೀಟ್ ಹೊಸದರ ಹಾಗೆ! ನಾನಂತೂ ಅವತ್ತೇ ಇದೇ ಗೆದ್ದಿದ್ದು ಅಂತ ತೀರ್ಮಾನ ಮಾಡ್ಬಿಟ್ಟಿದ್ದೆ, ಆಮೇಲೆ ಪ್ರತಿ ವಾರ ಆ ಸೀಟಿಗೆ ಅದನ್ನೇ ಹಾಕ್ದೆ. ಡಿಸೆಂಬರಲ್ಲಿ ಒಬ್ರು ದಪ್ಪಗಿನವ್ರು ಕೂತ್ರು, ಬಾರ್ಡರ್ ಹೊಲಿಗೆ ಪರ್ ಅಂತ ಬಿಚ್ಕೊಂಡಿತು. ಅವ್ರಿಗೆ ಮುಜುಗರ, ನಮಗೆ ಡಬಲ್ ಮುಜುಗರ. ಕುಶನ್ ಮಾಡೋನಿಗೆ ತೋರ್ಸಿದ್ರೆ ದಾರ ಕೈಯಲ್ಲೇ ಎಳೆದು ತುಂಡು ಮಾಡಿ ತೋರ್ಸ್ದ. ನೈಲಾನ್ ದಾರ ಅದು, ಬ್ಲೀಚಿನ ಕ್ಲೋರಿನ್ನಿಗೂ ತಡೆಯಲ್ಲ ಬಿಸಿಲಿಗೂ ತಡೆಯಲ್ಲ. ಅಲ್ಲ ಮಾರಾಯ, ಹಾಗಾದ್ರೆ ಹೊಲಿಯೋವಾಗ ಯಾಕೆ ಹಾಕ್ದೆ ಅಂತ ಕೇಳಿದ್ರೆ ಉತ್ತರ ಇಲ್ಲ. ಈಗ ಪಾಲಿಯೆಸ್ಟರ್ ದಾರದಲ್ಲಿ ಹೊಲಿಸಿದೀವಿ. ರೆಕ್ಸಿನ್ನೂ ಬೇರೆ ಸೀಟಿಗಿಂತ ಒರಟಾಗಿತ್ತು, ಕೈಯಾಡಿಸಿದ್ರೆನೇ ಗೊತ್ತಾಗ್ತಿತ್ತು.

ಮೂರನೇದಕ್ಕೆ ಅಂಗಡಿಯಲ್ಲಿ ಸಿಗೋ ಬಿಳಿ ವಿನೆಗರ್, ಅರ್ಧ ನೀರು ಅರ್ಧ ವಿನೆಗರ್, ಸ್ಪ್ರೇ ಮಾಡಿ ಇಪ್ಪತ್ತು ನಿಮಿಷ ಬಿಟ್ಟು ಉಜ್ಜಿದ್ದು. ಬ್ಲೀಚಿನಷ್ಟು ಬೆಳ್ಳಗೆ ಆಗ್ಲಿಲ್ಲ, ಹೊಲಿಗೆ ಸಾಲಲ್ಲಿ ತಿಳಿ ಕಂದು ಕಲೆ ಉಳೀತು, ಎರಡು ದಿನ ಉಪ್ಪಿನಕಾಯಿ ಭರಣಿ ಪಕ್ಕ ಕೂತ ಹಾಗೆ ವಾಸನೆ. ಆದ್ರೆ ಮೂರು ಸಲ ಹಾಕಿದ ಮೇಲೆ ಬೂಷ್ಟು ಹೊಸದಾಗಿ ಬರೋದು ನಿಂತಿತು, ದಾರಕ್ಕೂ ಏನೂ ಆಗ್ಲಿಲ್ಲ. ಡೈಲಿ ನೋಡೋ ನನಗೆ ಆ ಕಂದು ಕಲೆ ಕಾಣುತ್ತೆ, ಟೂರಿಸ್ಟಿಗೆ ಕಾಣಲ್ಲ.

ಇಲ್ಲೊಂದು ಬುದ್ಧಿಗೇಡಿ ಕೆಲಸ ಮಾಡ್ದೆ, ನೀವು ಮಾಡ್ಬೇಡಿ. ಬ್ಲೀಚ್ ಇದ್ದ ಸ್ಪ್ರೇ ಬಾಟ್ಲಿ ತಳದಲ್ಲಿ ಸ್ವಲ್ಪ ಉಳಿದಿತ್ತು, ಅದಕ್ಕೇ ವಿನೆಗರ್ ಸುರಿದೆ. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸು. ಕಣ್ಣಲ್ಲಿ ನೀರು, ಕೆಮ್ಮು, ಬಾಟ್ಲಿ ಅಲ್ಲೇ ಬಿಸಾಕಿ ಓಡ್ದೆ. ಬಯಲಲ್ಲಿ ಇದ್ದಿದ್ದಕ್ಕೆ ಆಯ್ತು, ಮುಚ್ಚಿದ ರೂಮಲ್ಲಿ ಆಗಿದ್ರೆ ಕಥೆ ಬೇರೆ.

ನಾಲ್ಕನೇದಕ್ಕೆ ಆಯಿ ಹೇಳಿದ ಅಡಿಗೆ ಸೋಡಾ ಪೇಸ್ಟು. ಪರ್ವಾಗಿಲ್ಲ ಅಷ್ಟೇ, ಹೊಲಿಗೆಯಲ್ಲಿ ಸೇರ್ಕೊಂಡ ಬಿಳಿ ಪುಡಿ ತೆಗೆಯೋಕೆ ಇನ್ನೊಂದು ಗಂಟೆ ಬೇಕಾಯ್ತು.

ಐದನೇದಕ್ಕೆ ಆನ್‌ಲೈನಲ್ಲಿ ಸಿಗೋ ಬಿಳಿ ಮೆಲಮೈನ್ ಸ್ಪಂಜು, ಮ್ಯಾಜಿಕ್ ಸ್ಪಂಜ್ ಅಂತಾರಲ್ಲ ಅದು. ಚಪ್ಪಲಿ ಉಜ್ಜಿದ ಕರೀ ಗೆರೆ ಹೋಗ್ಬೇಕಂದ್ರೆ ಇದನ್ನ ಮೀರಿಸೋದು ಇಲ್ಲ. ಆದ್ರೆ ಅದು ಒಂಥರಾ ತುಂಬಾ ನಯವಾದ ಮರಳು ಕಾಗದ, ಇಡೀ ಸೀಟ್ ಉಜ್ಜಿದ್ರೆ ರೆಕ್ಸಿನ್ ಮೇಲಿನ ಪದರಾನೇ ಸವೆಯುತ್ತೆ, ನಾನು ಉಜ್ಜಿದ ಜಾಗ ಈಗ ಮಂಕಾಗಿದೆ, ಕೊಳೆನೂ ಅಲ್ಲೇ ಮೊದಲು ಹಿಡಿಯುತ್ತೆ. ಗೆರೆ ಇದ್ದಲ್ಲಿ ಮಾತ್ರ ಎರಡು ಸಲ ಮೆತ್ತಗೆ ಎಳೀರಿ, ಸಾಕು. ಥಿನ್ನರ್ ಅಂತೂ ಹತ್ರ ತರ್ಬೇಡಿ, ರೆಕ್ಸಿನ್ ಮೆತ್ತಗಿರೋಕೆ ಹಾಕಿರೋ ಅಂಶವನ್ನೇ ಅದು ಎಳೆದು ತೆಗೆಯುತ್ತೆ, ಮೊದಲು ಅಂಟಂಟು ಆಗಿ ಆಮೇಲೆ ಬಿರುಕು. ಡೀಟ್ ಇರೋ ಸೊಳ್ಳೆ ಸ್ಪ್ರೇನೂ ಹಾಗೇ ಕೆಲಸ ಮಾಡುತ್ತೆ, ಸಂಜೆ ಟ್ರಿಪ್ಪಿನವ್ರಿಗೆ ದಡದಲ್ಲೇ ಹಚ್ಕೊಂಡು ಬನ್ನಿ ಅಂತೀವಿ ಈಗ.

ತೊಳೆದ ಮೇಲೆ ಏನು ಹಚ್ಚೋದು ಅನ್ನೋದು ಬೇರೆ ಜಗಳ. ಚಿಕ್ಕಪ್ಪನ ಪಾರ್ಟಿ ತೆಂಗಿನೆಣ್ಣೆ, ಹಚ್ಚಿದ ದಿನ ಫಳಫಳ, ವಾರದಲ್ಲಿ ಧೂಳೆಲ್ಲಾ ಅದಕ್ಕೇ ಅಂಟಿ ಕಪ್ಪು, ಮೇಲಿಂದ ಒಂದು ಹೆಂಗಸಿನ ಸೀರೆಗೆ ಕಲೆ ಆಗಿ ಮಾತು ಕೇಳಿದ್ದಾಯ್ತು. ಕಾರ್ ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ್ರೆ ಬೋಟ್ ತಿರುಗಿದಾಗೆಲ್ಲ ಮಕ್ಕಳು ಜಾರ್ಕೊಂಡು ಹೋಗೋದು, ನೀರಿನ ಮೇಲೆ ಅದು ತಮಾಷೆ ಅಲ್ಲ. ನನ್ನ ಪಾರ್ಟಿ 303 ಪ್ರೊಟೆಕ್ಟಂಟ್, ನೀರಿನಂಥ ಸ್ಪ್ರೇ, ಜಿಡ್ಡಿಲ್ಲ, ಬಿಸಿಲಿನ ಯುವಿ ತಡೆಯೋಕೆ ಅಂತಲೇ ಮಾಡಿರೋದು. ರೇಟು ಜಾಸ್ತಿ, ಅದೂ ಒಂದ್ಸಲ ಹಚ್ಚಿ ಮರೆಯೋ ಹಾಗಿಲ್ಲ, ಮತ್ತೆ ಮತ್ತೆ ಹಚ್ತಾ ಇರ್ಬೇಕು. ಚಿಕ್ಕಪ್ಪ ಲೆಕ್ಕ ಹಾಕಿ, ಆ ದುಡ್ಡಿಗೆ ಹಳೇ ಬೆಡ್‌ಶೀಟ್ ಹೊದಿಸಿದ್ರೂ ಬಿಸಿಲು ತಡೆಯುತ್ತಲ್ಲೋ ಅಂದ್ರು. ಎರಡು ಸೀಟಿಗೆ ಹಾಗೇ ಮಾಡಿ ನೋಡಿದ್ವಿ, ಸತ್ಯ ಹೇಳ್ಬೇಕಂದ್ರೆ ನನಗೆ ವ್ಯತ್ಯಾಸ ಹೇಳೋಕೆ ಆಗ್ತಿಲ್ಲ, ಆದ್ರೆ ಅವ್ರ ಮುಂದೆ ಒಪ್ಕೊಂಡಿಲ್ಲ.

ಇನ್ನು ಆರನೇ ಸೀಟು. ಅದಕ್ಕೆ ಬೂಷ್ಟಿನ ಜೊತೆ ಒಂದು ಮೂಲೆಯಲ್ಲಿ ಗುಲಾಬಿ ಕಲೆ, ಯಾರೋ ಕೋಕಂ ಚೆಲ್ಲಿದ್ದಾರೆ ಅಂದ್ಕೊಂಡಿದ್ದೆ. ವಿಮ್, ವಿನೆಗರ್, ಬ್ಲೀಚ್, ಯಾವುದಕ್ಕೂ ಜಗ್ಗಲಿಲ್ಲ. ಆಮೇಲೆ ಗೊತ್ತಾಯ್ತು ಅದು ಮೇಲಿಂದ ಆದದ್ದೇ ಅಲ್ಲ, ಒಳಗೆ ತೇವದಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಬಿಡೋ ಬಣ್ಣ ರೆಕ್ಸಿನ್ ಒಳಗೇ ಕರಗಿ ಮೇಲೆ ಬರೋದು. ಮೇಲೆ ಎಷ್ಟು ಉಜ್ಜಿದ್ರೂ ಕೈ ನೋವು ಒಂದೇ ಲಾಭ. ಬಿಚ್ಚಿಸಿದ್ರೆ ಫೋಮ್ ಹಿಂಡಿದ್ರೆ ಕರೀ ನೀರು, ಅಡಿ ಪ್ಲೈವುಡ್ಡಿಗೆ ನೀರು ಇಳಿಯೋಕೆ ಒಂದೇ ಒಂದು ತೂತಿಲ್ಲ, ಸ್ಟೇಪಲ್ ಪಿನ್ನೆಲ್ಲ ತುಕ್ಕು ಹಿಡಿದು ಪುಡಿ. ಫೋಮು ರೆಕ್ಸಿನ್ನು ಎರಡೂ ಹೊಸದು ಹಾಕಿಸಿ, ಪ್ಲೈವುಡ್ಡಿಗೆ ಡ್ರಿಲ್ಲಲ್ಲಿ ಎಂಟೆಂಟು ತೂತು ಹೊಡೆಸಿ, ಪಿನ್ನು ಸ್ಟೇನ್‌ಲೆಸ್ ಸ್ಟೀಲಿಂದೇ ಬೇಕು ಅಂತ ಪಕ್ಕದಲ್ಲೇ ನಿಂತು ಮಾಡಿಸ್ದೆ. ಉಳಿದ ಐದು ಸೀಟಿಗೂ ತೂತು ಹೊಡೆಸಾಯ್ತು.

ಈಗ ವಾರಕ್ಕೊಮ್ಮೆ ಬಾವಿ ನೀರು ಮತ್ತೆ ವಿಮ್, ಚುಕ್ಕೆ ಕಂಡ್ರೆ ವಿನೆಗರ್, ಗೆರೆಗೆ ಸ್ಪಂಜು. ಬ್ಲೀಚ್ ಬಾಟ್ಲಿ ಆಯಿ ವಾಪಸ್ ಇಸ್ಕೊಂಡ್ರು. ಸಂಜೆ ಕೊನೇ ಟ್ರಿಪ್ ಆದ್ಮೇಲೆ ಸೀಟೆಲ್ಲ ಎತ್ತಿ ಓರೆಯಾಗಿ ನಿಲ್ಸಿ ಗಾಳಿಗೆ ಬಿಡ್ತೀವಿ. ಈ ಜೂನಲ್ಲಿ ಟಾರ್ಪಾಲ್ ಬೋಟಿಗಷ್ಟೇ ಕಟ್ಟಿದ್ದು, ಅದೂ ಚಿಕ್ಕಪ್ಪನೇ ಕಟ್ಟಿದ್ದು, ಸೀಟುಗಳು ನಮ್ಮನೆ ಅಟ್ಟದ ಮೇಲೆ ಕೂತಿವೆ, ತೆಂಗಿನಕಾಯಿ ಇಡೋಕೆ ಜಾಗ ಇಲ್ಲ ಅಂತ ಆಯಿ ದಿನಾ ಬೆಳಿಗ್ಗೆ ಶುರು ಮಾಡ್ತಾರೆ.