ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ: ಹದಿನಾಲ್ಕು ತಿಂಗಳ ಓಟದ ನಂತರ

ಬಾಕ್ಸ್ ಮೇಲೆ ಏನೇನು ಬರೆದಿದೆ ಅನ್ನೋದನ್ನು ನೀವೇ ನೋಡಿರ್ತೀರಿ, ಅದನ್ನು ಬಿಡುತ್ತೇನೆ. ನಾನು ಇದನ್ನು ಕೊಂಡದ್ದು ವಾಚ್ ಮೇಲಿನ ನಂಬಿಕೆ ಹೋದದ್ದರಿಂದ. ಆರಾಮಾಗಿ ಮಾತಾಡಿಕೊಂಡು ಓಡುತ್ತಿದ್ದರೂ ಅದು ಹೃದಯ ಬಡಿತ ನಿಮಿಷಕ್ಕೆ 172 ಅನ್ನುತ್ತಿತ್ತು. ಒಂದು ದಿನ ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತೇನೆಂದು ಎಣಿಸಿದೆ. ಅದೂ 172! ಹಸಿರು ಬೆಳಕು ಬಿಟ್ಟು ಚರ್ಮದಡಿಯ ರಕ್ತದ ಹರಿವನ್ನು ನೋಡುವ ಸೆನ್ಸರ್, ಓಡುವಾಗ ಕೈ ಅಲುಗುವ ಲಯವನ್ನೇ ನಾಡಿ ಎಂದು ಹಿಡಿದುಕೊಂಡಿತ್ತು. ಎದೆಪಟ್ಟಿ ಹಾಗಲ್ಲ, ಇಸಿಜಿಯ ಹಾಗೆ ಹೃದಯದ ವಿದ್ಯುತ್ ಸಂಕೇತವನ್ನೇ ಓದುತ್ತದೆ. ಹೊಸ ವಾಚ್ ಕೊಳ್ಳುವಷ್ಟು ದುಡ್ಡಿರಲಿಲ್ಲ, ಇದ್ದ ವಾಚಿಗೇ ಪಟ್ಟಿ ಜೋಡಿಸಿಕೊಂಡೆ.

ಮೊದಲ ವಾರ ತಲೆ ಕೆಟ್ಟುಹೋಯಿತು. ಓಟ ಶುರುವಾದ ಎರಡನೇ ನಿಮಿಷಕ್ಕೇ 195, ಹತ್ತು ನಿಮಿಷ ಕಳೆದರೆ ತಾನಾಗಿ 130. ವಾಪಸ್ ಕಳಿಸೋಣವೆಂದು ಪ್ಯಾಕ್ ಕೂಡ ಮಾಡಿದ್ದೆ. ತಪ್ಪು ಪಟ್ಟಿಯದಲ್ಲ. ಅದರ ಒಳಭಾಗದಲ್ಲಿ ಚರ್ಮದಿಂದ ಸಂಕೇತ ಹಿಡಿಯುವ ಎರಡು ಕಪ್ಪು ಎಲೆಕ್ಟ್ರೋಡ್‌ಗಳು ಒದ್ದೆಯಾಗಿರಬೇಕು. ಒಣಗಿದ್ದರೆ ಬೆವರು ಬರುವ ತನಕ ಸಂಕೇತ ಸರಿಯಾಗಿ ದಾಟುವುದಿಲ್ಲ, ಮೇಲೆ ಸಡಿಲವಾದ ಪಾಲಿಯೆಸ್ಟರ್ ಟೀ ಶರ್ಟ್ ಉಜ್ಜಿ ಹುಟ್ಟುವ ಸ್ಥಿರವಿದ್ಯುತ್ತೂ ಸೇರಿ ಅಂಕಿಗಳು ಚಿಮ್ಮುತ್ತವೆ.

ಅಂದಿನಿಂದ ಬೆಳಗ್ಗೆ ಒಂದೇ ಕ್ರಮ. ನಲ್ಲಿ ಕೆಳಗೆ ಬೆರಳು ಒದ್ದೆ ಮಾಡಿಕೊಂಡು ಎರಡೂ ಎಲೆಕ್ಟ್ರೋಡ್ ಮೇಲೆ ಸವರುತ್ತೇನೆ. ಪಟ್ಟಿ ಎದೆಗೂಡಿಗೆ ತಾಗಿದಾಗ ತಣ್ಣಗೆ ಮೈ ಜುಮ್ಮೆನ್ನುತ್ತದೆ. ಪುಟ್ಟ ಸೆನ್ಸರನ್ನು ಎರಡು ಗುಂಡಿಗೆ ಒತ್ತಿದರೆ ಟಕ್ ಟಕ್, ವಾಚ್ ಒಮ್ಮೆ ನಡುಗುತ್ತದೆ. ಶೂ ಲೇಸ್ ಕಟ್ಟುವ ಮೊದಲು ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. 78, 74, 71... ಅಂಕಿ ಇಳಿಯುವುದನ್ನು ನೋಡುವ ಆ ಒಂದು ನಿಮಿಷ ನನಗೆ ಬಲು ಇಷ್ಟ.

ಮುಂದಿನ ತೊಡಕು ಆ್ಯಪ್‌ನದು. ವಯಸ್ಸು 43 ಎಂದು ಹಾಕಿದೆ, 220ರಲ್ಲಿ ಕಳೆದು ಗರಿಷ್ಠ ಬಡಿತ 177 ಎಂದು ಅದೇ ನಿರ್ಧರಿಸಿತು. 1971ರಿಂದ ಬಳಕೆಯಲ್ಲಿರುವ ಲೆಕ್ಕ ಅದು. 2001ರಲ್ಲಿ ಬಂದ ಇನ್ನೊಂದು ಸೂತ್ರ, ಅಂದರೆ 208ರಲ್ಲಿ ವಯಸ್ಸಿನ 0.7 ಪಟ್ಟು ಕಳೆಯುವುದು, ನನಗೆ 178 ಕೊಡುತ್ತದೆ. ಎರಡೂ ಸರಾಸರಿಗಳೇ. ಒಂದೇ ವಯಸ್ಸಿನವರ ನಡುವೆ ಹತ್ತು ಹನ್ನೆರಡು ಬಡಿತದ ಅಂತರ ಮಾಮೂಲು. ಆ್ಯಪ್ ಹೇಳಿದ ‘ಈಸಿ’ ಮಿತಿ (ನಿಧಾನ ಓಟದಲ್ಲಿ ದಾಟಬಾರದ ಬಡಿತ) 133ರೊಳಗೆ ಇರಲು ಆರು ವಾರ ಹೆಚ್ಚೂಕಡಿಮೆ ನಡೆದೇ ಕಳೆದೆ. ಆಮೇಲೆ ಚೆನ್ನಾಗಿ ವಾರ್ಮಪ್ ಮಾಡಿ ಏರುದಾರಿಯಲ್ಲಿ ಮೂರು ಮೂರು ನಿಮಿಷದ ಓಟ ನಾಲ್ಕು ಸಲ ಓಡಿದೆ, ಕೊನೆಯದರಲ್ಲಿ ಇದ್ದ ಶಕ್ತಿಯನ್ನೆಲ್ಲ ಹಾಕಿದೆ. ಬಂದದ್ದು 188. (ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಕೆಲಸಕ್ಕೆ ಕೈ ಹಾಕಬೇಡಿ.) ಈ ಗರಿಷ್ಠಕ್ಕೆ ತಕ್ಕಂತೆ ಮಿತಿಯನ್ನು 141ಕ್ಕೆ ತಿದ್ದಿದ ದಿನದಿಂದ ತರಬೇತಿ ಹಳಿಗೆ ಬಂತು.

ಆದರೂ 141ರೊಳಗೆ ಓಡುವುದು ನನಗೆ ಕಷ್ಟವಾಯಿತು. ಉಸಿರಿಗಲ್ಲ, ಮನಸ್ಸಿಗೆ. ಹದಿನೈದು ವರ್ಷದಿಂದ ಏದುಸಿರು ಬಿಟ್ಟರೇನೇ ವ್ಯಾಯಾಮ ಎಂದು ನಂಬಿದ್ದವನು ನಾನು. ಧೈರ್ಯ ಕೊಟ್ಟದ್ದು ನ್ಯೂಜಿಲೆಂಡ್ ಕೋಚ್ ಆರ್ಥರ್ ಲಿಡಿಯಾರ್ಡ್ ಅವರ ಕ್ರಮ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದ ಪೀಟರ್ ಸ್ನೆಲ್ ಈ ಲಿಡಿಯಾರ್ಡ್ ಅವರ ಶಿಷ್ಯ. ಎರಡು ನಿಮಿಷವೂ ಹಿಡಿಯದ ಓಟಕ್ಕೆ ವಾರಕ್ಕೆ 100 ಮೈಲಿಯ ಅಡಿಪಾಯ ಹಾಕಿಸಿದವರು ಅವರು. ಹೀಗೆ ಏದುಸಿರು ಬಿಡದೆ ಗಂಟೆಗಟ್ಟಲೆ ಓಡಿದಾಗ ದಮ್ಮು ಬೆಳೆಯುತ್ತದೆ. ಒಂದೊಂದು ಬಡಿತಕ್ಕೂ ಹೃದಯ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳೂ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳೂ ಹೆಚ್ಚುತ್ತವೆ. ವಾರಕ್ಕೆ ನಾಲ್ಕು ಓಟದಲ್ಲಿ ಮೂರು ನಿಧಾನ, ಒಂದು ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವುದು). ಇಷ್ಟೇ ನನ್ನ ಪ್ಲಾನ್.

ನಾಲ್ಕು ತಿಂಗಳು ಏನೂ ಕಾಣಲಿಲ್ಲ. ಐದನೆಯ ತಿಂಗಳಲ್ಲಿ ಅದೇ ದಾರಿ, ಅದೇ 140 ಬಡಿತಕ್ಕೆ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ, 8:35 ನಿಮಿಷದಿಂದ 8:00ಕ್ಕೆ ಇಳಿದಿತ್ತು. ಈಗ 7:10. ಎದ್ದ ಕೂಡಲೇ ನೋಡುವ ಬಡಿತ 66 ಇದ್ದದ್ದು 56. ಇದಕ್ಕಿಂತ ಖುಷಿ ಕೊಟ್ಟದ್ದು ಇನ್ನೊಂದು. ಮೊದಮೊದಲು ದೀರ್ಘ ಓಟದಲ್ಲಿ ವೇಗ ಒಂದೇ ಇದ್ದರೂ ಕೊನೆಯ ಅರ್ಧ ಗಂಟೆ ಬಡಿತ ತಾನಾಗಿ 15 ಏರುತ್ತಿತ್ತು. ಪಟ್ಟಿ ಕೆಟ್ಟಿದೆ ಎಂದೇ ಅಂದುಕೊಂಡಿದ್ದೆ. ಬೆವರಿ ರಕ್ತದ ದ್ರವಾಂಶ ಕಡಿಮೆಯಾಗಿ, ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೂ ಹರಿದಾಗ ಹೃದಯ ಹೀಗೆ ಹೆಚ್ಚು ಸಲ ಬಡಿಯಬೇಕಾಗುತ್ತದಂತೆ. ಈಗ ಆ ಏರಿಕೆ ಐದಾರು ಅಷ್ಟೇ. ಓಟ ಮುಗಿಸಿ ಗ್ರಾಫ್ ತೆಗೆದರೆ ಗೆರೆ ಹೆಚ್ಚೂಕಡಿಮೆ ಸಪಾಟಾಗಿರುತ್ತದೆ. ಎಷ್ಟು ಸಲ ನೋಡಿದರೂ ಸಾಲದು.

ಇಷ್ಟು ಕೊಟ್ಟ ವಸ್ತುವಿನ ಮೇಲೆ ದೂರು ಹೇಳಲು ಮನಸ್ಸಿಲ್ಲ, ಆದರೆ ಹೇಳಲೇಬೇಕು. ಸೆನ್ಸರನ್ನು ಒದ್ದೆ ಪಟ್ಟಿಯಲ್ಲೇ ಬಿಟ್ಟರೆ ಅದು ಎದೆಯ ಮೇಲೇ ಇದ್ದೇನೆಂದುಕೊಂಡು ಎಚ್ಚರವಾಗಿರುತ್ತದೆ. ನನ್ನ ಮೊದಲ ಸಿಆರ್2032 ಬಟನ್ ಸೆಲ್ ಎರಡೇ ತಿಂಗಳಿಗೆ ಖಾಲಿಯಾದದ್ದು ಹಾಗೆ. ಪ್ರತಿ ಸಲ ಬಿಚ್ಚಿಟ್ಟರೆ ಆ ತೊಂದರೆ ಇಲ್ಲ. ಪರಿಹಾರವಿಲ್ಲದ್ದು ಎಲಾಸ್ಟಿಕ್. ಓಡಿದ ಮೇಲೆ ನೀರಲ್ಲಿ ಜಾಲಾಡಿ ನೆರಳಲ್ಲೇ ಒಣಗಿಸಿದರೂ ಹನ್ನೊಂದನೇ ತಿಂಗಳಿಗೆ ಜೋಲುಬಿತ್ತು. ಬರೀ ಪಟ್ಟಿ ಸಿಗುತ್ತದಾ ಎಂದು ಕಂಪನಿಗೆ ಮೂರು ಸಲ ಬರೆದೆ. ಪೂರ್ತಿ ಸೆಟ್ ಕೊಳ್ಳಿ ಎನ್ನುವ ಉತ್ತರವೇ ಮೂರೂ ಸಲ. ಸೆನ್ಸರ್ ಗಟ್ಟಿಮುಟ್ಟಾಗಿರುವಾಗ ಅದನ್ನೇಕೆ ಬಿಸಾಡಲಿ? ಹಿಂಭಾಗದಲ್ಲಿ ಎರಡು ಬೆರಳಷ್ಟು ಮಡಚಿ ಹೊಲಿದುಕೊಂಡೆ, ಸದ್ಯಕ್ಕೆ ಸಾಗುತ್ತಿದೆ.

ಕಳೆದ ಭಾನುವಾರ ಒಂಬತ್ತನೇ ಕಿಲೋಮೀಟರಿನಲ್ಲಿ ಅದು ಮತ್ತೆ ಜಾರಿತು. ವಾಚಲ್ಲಿ ಅಂಕಿ ಇಲ್ಲ. ನಿಲ್ಲಲಿಲ್ಲ. ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ, ಹಾಗೇ ಎರಡು ಕಿಲೋಮೀಟರ್ ಓಡಿದೆ. 140ರ ಆಸುಪಾಸು ಇರಬೇಕು ಅನ್ನಿಸಿತು. ಓಡುತ್ತಲೇ ಪಟ್ಟಿ ಮೇಲೆಳೆದುಕೊಂಡು ನೋಡಿದರೆ 139.

ಐದಕ್ಕೆ ನಾಲ್ಕು ಸ್ಟಾರ್. ಐದನೆಯದು ಬರೀ ಪಟ್ಟಿಯನ್ನೂ ಮಾರಲು ಶುರು ಮಾಡಿದ ದಿನ.