ಪಾಸ್ ಉಂಟಾ? ಉಡುಪಿಯಿಂದ ಟಿವಿ ಶೋ ನೋಡಲು ಹೊರಟವರ ದಾರಿಗಳು

ಸಿನಿಮಾಕ್ಕೆ ಟಿಕೆಟ್ ಉಂಟು, ನಾಟಕಕ್ಕೆ ಉಂಟು, ಕಾಲಮಿತಿ ಯಕ್ಷಗಾನಕ್ಕೂ ಕೆಲವೊಮ್ಮೆ ಬಾಗಿಲಲ್ಲಿ ಹರಿದು ಕೊಡುತ್ತಾರೆ. ಟಿವಿ ಶೋಗೆ ಮಾತ್ರ ಪಾಸ್. ಅದು ಎಲ್ಲಿ ಸಿಗುತ್ತದೆ ಎಂದು ಉಡುಪಿಯಲ್ಲಿ ಯಾರನ್ನು ಕೇಳಿದರೂ ಕೌಂಟರ್ ತೋರಿಸುವುದಿಲ್ಲ, ಒಂದು ಹೆಸರು ಹೇಳುತ್ತಾರೆ. ‘ನಮ್ಮ ಭಾವನ ಗುರ್ತದವರೊಬ್ಬರು ಚಾನೆಲ್‌ನಲ್ಲಿದ್ದಾರೆ, ಕೇಳಿ ನೋಡುವ.’ ಆ ಗುರ್ತದವರು ಫೋನ್ ಎತ್ತಿದರೆ ಅರ್ಧ ಕೆಲಸ ಆದ ಹಾಗೆ.

ನನ್ನ ಅಮ್ಮನಿಗೆ ಹಾಡಿನ ಶೋ ಎಂದರೆ ಪ್ರಾಣ, ನನಗೆ ಕ್ವಿಜ್. ಇಬ್ಬರ ಆಸೆಗೂ ಬೆನ್ನು ಹತ್ತಿ ನಾವು ಬೇರೆ ಬೇರೆ ದಾರಿಯಲ್ಲಿ ಹೋಗಿ ಬಂದಿದ್ದೇವೆ. ಯಾವ ದಾರಿಯಲ್ಲೂ ಪಾಸ್‌ಗೆಂದು ಹಣ ಕೊಡಲಿಲ್ಲ. ಖರ್ಚಾದದ್ದು ಪ್ರಯಾಣಕ್ಕೆ, ನಿದ್ರೆಗೆ, ಮತ್ತೆ ಸೊಂಟಕ್ಕೆ ಹಚ್ಚುವ ಮುಲಾಮಿಗೆ.

ಬಿಗ್ ಬಾಸ್ ಇದರಲ್ಲಿ ಇಲ್ಲ. ಶೈನ್ ಶೆಟ್ಟಿ ಗೆದ್ದಾಗ, 2022ರಲ್ಲಿ ರೂಪೇಶ್ ಶೆಟ್ಟಿ ಗೆದ್ದಾಗ ನಮ್ಮ ಕಡೆ ಪಾಸ್ ಕೇಳುವವರ ಗಲಾಟೆ ಜೋರಾಗಿತ್ತು ನಿಜ, ಆದರೆ ನಾವು ಆ ಕಡೆ ಕಾಲಿಟ್ಟಿಲ್ಲ, ಹಾಗಾಗಿ ಮಾತೂ ಇಲ್ಲ.

ಎಲ್ಲಕ್ಕಿಂತ ಬೇಗ ಸಿಗುವವರು ಏಜೆಂಟರು. ಇವರಲ್ಲಿ ಎರಡು ಬಗೆ. ಒಂದು, ನಿಮ್ಮಿಂದ ದುಡ್ಡು ಕೇಳುವವರು. ಶೋದ ಲೋಗೋ ಅಂಟಿಸಿದ ಪೋಸ್ಟರ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಒಬ್ಬರಿಗೆ ಇಷ್ಟು, ಜೋಡಿಗೆ ಇಷ್ಟು, ಇವತ್ತೇ ಯುಪಿಐ ಮಾಡಿ ಎನ್ನುತ್ತದೆ. ಮಾಡಬೇಡಿ. ಕಪಿಲ್ ಶರ್ಮಾ ಅವರ ಹಾಸ್ಯ ಶೋದ ಹೆಸರಿನಲ್ಲಿ ಹೀಗೆ ಟಿಕೆಟ್ ಮಾರಲು ಹೊರಟವರ ಬಗ್ಗೆ ಸ್ವತಃ ಅವರೇ ಜಾಲತಾಣದಲ್ಲಿ ಇದು ವಂಚನೆ, ಶೂಟಿಂಗ್ ನೋಡಲು ಬರುವವರಿಂದ ನಾವು ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಹೇಳಬೇಕಾಯಿತು.

ಇನ್ನೊಂದು ಬಗೆಯವರು ನಿಮಗೇ ದುಡ್ಡು ಕೊಡುತ್ತಾರೆ. ಬೆಂಗಳೂರಿನಲ್ಲೂ ಮುಂಬೈಯಲ್ಲೂ ಶೂಟಿಂಗ್‌ಗೆ ಜನ ಒದಗಿಸುವುದೇ ಕೆಲಸವಾಗಿರುವ ಕೋಆರ್ಡಿನೇಟರ್‌ಗಳಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ಗೆಳತಿಯೊಬ್ಬಳು ‘ಬಾ ಮಾರಾಯ್ತಿ, ಶೋನೂ ನೋಡಿದಂತಾಯಿತು, ಊಟದ ಖರ್ಚೂ ಉಳಿಯಿತು’ ಎಂದು ಕರೆದಳು. ಹೇಳಿದ ಜಾಗದಲ್ಲಿ ಬೆಳಿಗ್ಗೆ ನಿಂತರೆ ವ್ಯಾನು ಬರುತ್ತದೆ. ಸ್ಟುಡಿಯೋದಲ್ಲಿ ಹೆಸರು ಬರೆದುಕೊಂಡು, ಫೋನ್ ತೆಗೆದಿಟ್ಟುಕೊಂಡು, ಬಟ್ಟೆಯ ಬಣ್ಣ ನೋಡಿ ಕೂರಿಸುತ್ತಾರೆ. ಹೊಳೆಯುವ ಸೀರೆ ಮುಂದೆ, ಮಾಸಿದ ಅಂಗಿ ಹಿಂದೆ. ಅಪ್ಪಟ ಬಿಳಿ ಬೇಡ, ಸಣ್ಣ ಗೆರೆಯ ಅಂಗಿಯೂ ಬೇಡ. ಒತ್ತೊತ್ತಾದ ಗೆರೆಗಳು ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕುಣಿಯುತ್ತವಂತೆ.

ಅಲ್ಲಿ ನನಗೆ ಬೆರಗಾದದ್ದು ಬೇರೆಯೇ. ಚಪ್ಪಾಳೆ, ನಗು, ‘ಓಹೋ’ ಎಂದು ಬಾಯಿ ತೆರೆಯುವುದು, ಕಣ್ಣೊರೆಸಿಕೊಳ್ಳುವುದು ಎಲ್ಲವನ್ನೂ ವೇದಿಕೆಯ ಮೇಲೆ ಒಬ್ಬರೂ ಬರುವ ಮೊದಲೇ ನಮ್ಮಿಂದ ಸಾಲಾಗಿ ಮಾಡಿಸಿ ತೆಗೆದುಕೊಂಡರು. ನಿರ್ವಾಹಕ ಹುಡುಗ ಕೈ ಮೇಲೆತ್ತಿದರೆ ಚಪ್ಪಾಳೆ ಜೋರು, ಇಳಿಸಿದರೆ ಸದ್ದಿಲ್ಲ. ಆಮೇಲೆ ಮನೆಯಲ್ಲಿ ಆ ಸಂಚಿಕೆ ನೋಡುವಾಗ ಯಾವ ಜೋಕಿಗೆ ನಾನು ಹಾಗೆ ಬಿದ್ದು ಬಿದ್ದು ನಗುತ್ತಿದ್ದೇನೋ ಆ ಜೋಕನ್ನು ನಾನು ಕೇಳಿಯೇ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸಿಗೆ ಇದು ತಿಂಗಳಿಗೆ ಹಲವು ದಿನ ಸಿಗುವ ಕೂಲಿ. ‘ಕುಣಿತದ ಶೋ ಆದ್ರೆ ಒಳ್ಳೇದು, ಅಳೋದೇನಿರಲ್ಲ’ ಎಂದು ಅನುಭವದಿಂದ ಹೇಳಿದರು. ನಾವು ಊರಿನಲ್ಲಿ ಯಾರ್ಯಾರ ಕೈಕಾಲು ಹಿಡಿದು ಬೇಡುವ ಜಾಗಕ್ಕೆ ಅವರು ಸಂಬಳ ತೆಗೆದುಕೊಂಡು ಬರುತ್ತಾರೆ. ಆ ದಿನದಿಂದ ಟಿವಿ ಶೋದ ಪ್ರೇಕ್ಷಕರನ್ನು ನಾನು ನೋಡುವ ರೀತಿಯೇ ಬದಲಾಯಿತು. ನಾವು ಅಲ್ಲಿ ಅತಿಥಿಗಳಲ್ಲ, ಸೆಟ್ಟಿನ ಒಂದು ಭಾಗ.

ಒಳಗೆ ಹೇಗೆ ನಡೆಯುತ್ತದೆ ಎಂಬ ಕುತೂಹಲ ಇರುವ ಕಾಲೇಜು ಮಕ್ಕಳಿಗೆ ಈ ದಾರಿ ಪರವಾಗಿಲ್ಲ. ಅಮ್ಮನಂಥವರಿಗೆ ಖಂಡಿತ ಅಲ್ಲ. ಯಾವ ಶೋ ಎಂಬುದನ್ನು ಸಹ ವ್ಯಾನು ಹತ್ತಿದ ಮೇಲೆ ಹೇಳಿದರು.

ಅಮ್ಮನ ಪುಣ್ಯಕ್ಕೆ ನಮ್ಮ ಗುರ್ತದ ಮನೆಯ ಮಗುವೊಂದು ಹಾಡಿನ ಸ್ಪರ್ಧೆಗೆ ಆಯ್ಕೆಯಾಯಿತು. ಸ್ಪರ್ಧಿಯ ಮನೆಯವರ ಲೆಕ್ಕದ ಪಾಸ್‌ನಲ್ಲಿ ನಮ್ಮ ಹೆಸರೂ ಸೇರಿತು. ಜಾಗದ ವಿಷಯಕ್ಕೆ ಬಂದರೆ ಇದರ ಮುಂದೆ ಬೇರೆ ಯಾವುದೂ ಇಲ್ಲ. ಮುಂದಿನ ಸಾಲು, ತೀರ್ಪುಗಾರರ ಕುರ್ಚಿ ಕೈಗೆಟಕುವಷ್ಟು ಹತ್ತಿರ. ಹಾಡು ಕಿವಿಗೆ ನೇರವಾಗಿ ಬೀಳುತ್ತದೆ. ವಾದ್ಯದವರು ಒಂದು ಸ್ವರ ತಪ್ಪಿ ಮತ್ತೆ ಸೇರಿಕೊಳ್ಳುವುದು ಕೂಡ ಗೊತ್ತಾಗುತ್ತದೆ. ಟಿವಿಯಲ್ಲಿ ಅದೆಲ್ಲ ತೊಳೆದು ಒರೆಸಿ ಬರುತ್ತದೆ.

ಆದರೆ ಹೊತ್ತಿಗೆ ಲೆಕ್ಕವಿಲ್ಲ. ಮಧ್ಯಾಹ್ನ ಒಳಗೆ ಹೋದವರು ನಡುರಾತ್ರಿ ದಾಟಿದ ಮೇಲೆ ಹೊರಗೆ ಬಂದೆವು. ದೀಪ ಸರಿಪಡಿಸುತ್ತಾರೆ, ಮೇಕಪ್ ಒತ್ತುತ್ತಾರೆ, ನಿರೂಪಕರು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಾರೆ. ಒಂದು ತಾಸು ಟಿವಿಯಲ್ಲಿ ಕಾಣುವುದಕ್ಕೆ ಇಡೀ ದಿನ ಬೇಕು. ಎಸಿ ಎಷ್ಟು ಜೋರೆಂದರೆ ನಮ್ಮ ಸೆಕೆಯ ಊರಿನವರಿಗೆ ಶಾಲು ಇಲ್ಲದೆ ಕೂರಲಾಗದು. ನಡುವೆ ಎದ್ದು ಹೋದರೆ ಆ ಕುರ್ಚಿಗೆ ಬೇರೆಯವರನ್ನು ತಂದು ಕೂರಿಸುತ್ತಾರೆ, ಖಾಲಿ ಕುರ್ಚಿ ಫ್ರೇಮಿನಲ್ಲಿ ಕಾಣಬಾರದಲ್ಲ. ಸಕ್ಕರೆ ಕಾಯಿಲೆಯ ಅಮ್ಮ ಚೀಲದಲ್ಲಿ ತಂದಿದ್ದ ಚಕ್ಕುಲಿಯನ್ನು ಸದ್ದಾಗದಂತೆ ಬಾಯಲ್ಲಿ ನೆನೆಸಿ ತಿಂದರು.

ಇನ್ನೊಂದು ಹೊರೆಯೂ ಉಂಟು. ಮನೆಯವರ ಸಾಲಿನಲ್ಲಿ ಕೂತವರ ಮುಖ ಕ್ಯಾಮೆರಾಕ್ಕೆ ಸೇರಿದ್ದು. ಮಗು ಹಾಡುವಾಗ ನಿಮ್ಮ ಕಣ್ಣು ತುಂಬಬೇಕು. ಮಗುವಿನ ಅಜ್ಜಿ ಸ್ವಭಾವತಃ ಗಟ್ಟಿ ಹೆಂಗಸು, ಅಳಲಿಲ್ಲ. ಹಾಗಾಗಿ ಅವರು ಒಂದು ಕ್ಷಣವೂ ಟಿವಿಯಲ್ಲಿ ಕಾಣಲಿಲ್ಲ. ಅವರ ಹಿಂದೆ ಕುಳಿತು ಬೇರೇನೋ ಕಾರಣಕ್ಕೆ ಕಣ್ಣೊರೆಸಿಕೊಂಡ ನಮ್ಮಮ್ಮ ಕಂಡರು. ಅಜ್ಜಿಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಈ ಪಾಸ್ ಕೇಳಿದಾಗ ಸಿಗುವಂಥದ್ದಲ್ಲ, ಊರಿನಿಂದ ಯಾರಾದರೂ ಆಯ್ಕೆಯಾಗಬೇಕು. ಹಾಗೆ ಆದಾಗ ಸಂಕೋಚ ಬಿಟ್ಟು ಮೊದಲ ಸುತ್ತುಗಳಲ್ಲಿಯೇ ಕೇಳಿಬಿಡುವುದು ಒಳ್ಳೆಯದು. ಫೈನಲ್ ಹತ್ತಿರ ಬಂದ ಹಾಗೆ ಎಲ್ಲಿಲ್ಲದ ನೆಂಟರು ಹುಟ್ಟಿಕೊಳ್ಳುತ್ತಾರೆ.

ಮುಂಬೈಯ ದಾರಿ ಉಡುಪಿಯವರಿಗೆ ಬೆಂಗಳೂರಿಗಿಂತ ಹಳೆಯದು. ಮೀರಾ ರೋಡಿನಲ್ಲಿ ಚಿಕ್ಕಮ್ಮ ಇಲ್ಲದ ಮನೆ ನಮ್ಮಲ್ಲಿ ಎಷ್ಟಿದೆ? ನನ್ನ ಕ್ವಿಜ್ ಹುಚ್ಚಿಗೆ ಗುರಿ ‘ಕೌನ್ ಬನೇಗಾ ಕರೋಡ್‌ಪತಿ’. 2000ದ ಜುಲೈಯಲ್ಲಿ ಶುರುವಾದಾಗಿನಿಂದ, ಒಂದು ಸಲ ಶಾರುಕ್ ಖಾನ್ ಬಂದು ಹೋದದ್ದು ಬಿಟ್ಟರೆ, ಅಮಿತಾಭ್ ಬಚ್ಚನ್ ಅವರದೇ ಕುರ್ಚಿ. ಶೂಟಿಂಗ್ ಗೋರೆಗಾಂವ್‌ನ ಫಿಲ್ಮ್ ಸಿಟಿಯಲ್ಲಿ. ಚಿಕ್ಕಮ್ಮನ ಸೊಸೈಟಿಯಲ್ಲಿ ಶೋದ ನಿರ್ಮಾಣ ವಿಭಾಗದಲ್ಲಿ ಕೆಲಸ ಮಾಡುವವರೊಬ್ಬರಿದ್ದರು, ಅವರ ಮೂಲಕ ನಮ್ಮ ಹೆಸರು ಪಟ್ಟಿ ಸೇರಿತು. ಖಚಿತವಾದದ್ದು ಹಿಂದಿನ ಸಂಜೆ. ಉಡುಪಿಯಲ್ಲಿ ಮತ್ಸ್ಯಗಂಧಾ ರೈಲನ್ನು ಮಧ್ಯಾಹ್ನದ ಮೇಲೆ ಹತ್ತಿದರೆ ಮುಂಬೈ ಮುಟ್ಟುವುದು ಮರುದಿನ ಬೆಳಿಗ್ಗೆ. ಅಂದರೆ ಕರೆ ಬಂದ ಮೇಲೆ ಊರಿನಿಂದ ಹೊರಡುವವರಿಗೆ ಇದು ಆಗುವ ಮಾತಲ್ಲ. ಚಿಕ್ಕಮ್ಮನ ಮನೆಯಲ್ಲಿ ಮೊದಲೇ ಹೋಗಿ ಠಿಕಾಣಿ ಹೂಡಿರಬೇಕು, ಶೂಟಿಂಗ್ ಮುಂದೆ ಹೋದರೂ ಮುಖ ಸಣ್ಣದು ಮಾಡದ ಚಿಕ್ಕಮ್ಮ ಇರಬೇಕು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ನಿಧಾನ, ಅದೂ ನೆನಪಿರಲಿ.

ಗೇಟಿನಲ್ಲಿ ಪಟ್ಟಿ, ಆಧಾರ್, ಫೋನ್ ಜಮಾ ಎಲ್ಲವೂ ಕಟ್ಟುನಿಟ್ಟು. ಆದರೆ ಇಲ್ಲಿ ಪ್ರೇಕ್ಷಕರಿಗೆ ಒಂದು ನಿಜವಾದ ಕೆಲಸ ಉಂಟು. ಸ್ಪರ್ಧಿ ‘ಆಡಿಯನ್ಸ್ ಪೋಲ್’ ಕೇಳಿದಾಗ ಕೀಪ್ಯಾಡ್ ಒತ್ತಿ ಉತ್ತರ ಹೇಳುವವರು ನಾವೇ. 2020ರಲ್ಲಿ ಕೊರೊನಾದಿಂದಾಗಿ ಪ್ರೇಕ್ಷಕರನ್ನೇ ಬಿಡದಿದ್ದಾಗ ಆ ಲೈಫ್‌ಲೈನ್ ತೆಗೆದು ‘ವಿಡಿಯೋ ಎ ಫ್ರೆಂಡ್’ ತರಬೇಕಾಯಿತು. ಜನ ಇಲ್ಲದಿದ್ದರೆ ಶೋದ ನಿಯಮವೇ ಬದಲಾಗುವಂಥದ್ದು ನನಗೆ ಗೊತ್ತಿರುವಂತೆ ಇದೊಂದೇ. ಅಮಿತಾಭ್ ಓಡುತ್ತಾ ಸೆಟ್ಟಿನೊಳಗೆ ಬರುವಾಗ ಯಾರೂ ಕೈ ಎತ್ತಿ ಸೂಚನೆ ಕೊಡುವ ಅಗತ್ಯ ಬೀಳಲಿಲ್ಲ, ಚಪ್ಪಾಳೆ ತಾನಾಗಿಯೇ ಬಂತು. ಹಿಂದಿ ಅಷ್ಟಕ್ಕಷ್ಟೇ ಬರುವ ಅಮ್ಮನೂ ಎದ್ದು ನಿಂತಿದ್ದರು.

ಹಾಟ್ ಸೀಟಿಗೆ ಬರುವ ಸ್ಪರ್ಧಿ ಜೊತೆಗೊಬ್ಬರನ್ನು ಕರೆತರಬಹುದು. ಆ ಜೊತೆಗಾರರಾಗಿ ಹೋಗುವುದು ಎಲ್ಲಕ್ಕಿಂತ ಗೌರವದ ದಾರಿ, ಆದರೆ ಅದಕ್ಕೆ ಮನೆಯಲ್ಲೊಬ್ಬರು ನೋಂದಣಿ ಪ್ರಶ್ನೆಗಳಿಗೆ ಉತ್ತರಿಸಿ ಆಯ್ಕೆಯಾಗಬೇಕು. ನಾನು ಪ್ರತಿ ವರ್ಷ ಉತ್ತರಿಸುತ್ತಿದ್ದೇನೆ. ಕರೆ ಬಂದಿಲ್ಲ.

ಅಮೆರಿಕದಲ್ಲಿರುವ ನನ್ನ ತಮ್ಮ ಈ ಕತೆ ಕೇಳಿ ನಕ್ಕ. ನ್ಯೂಯಾರ್ಕಿನ ‘ಸ್ಯಾಟರ್ಡೇ ನೈಟ್ ಲೈವ್’ 1975ರಿಂದ ನಡೆಯುತ್ತಿರುವ ಹಾಸ್ಯ ಶೋ, ಹೆಸರಿಗೆ ತಕ್ಕ ಹಾಗೆ ರಾತ್ರಿ 11:30ಕ್ಕೆ ನೇರವಾಗಿಯೇ ಪ್ರಸಾರವಾಗುತ್ತದೆ. ಅದರ ಟಿಕೆಟ್‌ಗೆ ಆಗಸ್ಟ್ ತಿಂಗಳಲ್ಲಿ ಇಮೇಲ್ ಕಳಿಸಿದವರನ್ನು ಲಾಟರಿಗೆ ಹಾಕುತ್ತಾರೆ. ಅದು ತಪ್ಪಿದರೆ ಉಳಿದ ಕುರ್ಚಿಗಾಗಿ ಕಾಯುವ ಸ್ಟ್ಯಾಂಡ್‌ಬೈ ಸಾಲು. ಸಂಜೆಯ ಪೂರ್ವಾಭ್ಯಾಸದ ಪ್ರದರ್ಶನವೋ ನೇರ ಪ್ರಸಾರವೋ ಎಂದು ಆರಿಸಿಕೊಳ್ಳಬೇಕು, ಒಬ್ಬರಿಗೆ ಒಂದೇ ಚೀಟಿ. ತಮ್ಮನಿಗೆ ಸಿಗಲಿಲ್ಲ. ಆದರೆ ಯಾಕೆ ಸಿಗಲಿಲ್ಲ ಎಂಬುದು ಅವನಿಗೆ ಗೊತ್ತು. ನಮ್ಮಲ್ಲಿ ಸಿಕ್ಕಿದರೂ ಯಾಕೆ ಸಿಕ್ಕಿತೆಂದು ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಸುತ್ತಿದ ಮೇಲೆ ನಾನು ಮೇಲಿನ ಸ್ಥಾನ ಕೊಡುವುದು ಮಂಗಳೂರಿನ ಪುರಭವನಕ್ಕೆ. ನಮ್ಮ ಸ್ಥಳೀಯ ಚಾನೆಲ್‌ಗಳ ಕಾರ್ಯಕ್ರಮಗಳಿಗೆ ಸ್ಟುಡಿಯೋದ ಬಿಗುಮಾನವಿಲ್ಲ. ‘ನಮ್ಮ ಟಿವಿ’ ಎಂಬ ಚಾನೆಲ್‌ನ ‘ಬಲೆ ತೆಲಿಪಾಲೆ’ ಬಂದ ಮೇಲಂತೂ ತುಳು ಹಾಸ್ಯ ತಂಡಗಳ ಸ್ಪರ್ಧೆಗೆ ಈ ಭಾಗದಲ್ಲಿ ಒಂದು ರುಚಿಯೇ ಹತ್ತಿದೆ. ಅಂಥದೊಂದು ತುಳು ಹಾಸ್ಯ ಸ್ಪರ್ಧೆಯ ಚಿತ್ರೀಕರಣಕ್ಕೆ ಕುದ್ಮುಲ್ ರಂಗರಾವ್ ಪುರಭವನಕ್ಕೆ ಹೋಗಿದ್ದೆವು. ಪಾಸ್ ಸಿಕ್ಕಿದ್ದು ಪರಿಚಯದ ಬಟ್ಟೆ ಅಂಗಡಿಯಲ್ಲಿ, ಗಲ್ಲಾದ ಪಕ್ಕ ಕಟ್ಟಿಟ್ಟಿದ್ದರು. ಮುಂದಿನ ಸೋಫಾಗಳು ಪ್ರಾಯೋಜಕರ ಮನೆಯವರಿಗೆ, ಅದು ಎಲ್ಲಿ ಹೋದರೂ ತಪ್ಪಿದ್ದಲ್ಲ. ಉಳಿದ ಕುರ್ಚಿ ಮೊದಲು ಬಂದವರಿಗೆ. ಕ್ಯಾಮೆರಾ ಕಟ್ಟಿದ ಉದ್ದ ಕೈ ಆಗಾಗ ತಲೆಯ ಮೇಲೆ ಹಾದು ವೇದಿಕೆಯನ್ನೇ ಮರೆಮಾಡುತ್ತಿತ್ತು. ಧ್ವನಿವರ್ಧಕ ಕಿರುಚಿತು. ಯಾರದ್ದೋ ಮಗು ವೇದಿಕೆ ಹತ್ತಿ ಇಳಿಯಿತು.

ಆದರೆ ನಟರು ಆಡಿದ್ದು ನಮಗೆ. ನಕ್ಕರೆ ಅವರು ನಿಂತು ಇನ್ನೊಂದು ಮಾತು ಸೇರಿಸುತ್ತಿದ್ದರು, ನಗದಿದ್ದರೆ ಮುಂದೆ ಓಡುತ್ತಿದ್ದರು. ಯಾರೂ ಕೈ ಎತ್ತಿ ನಗಿಸಲಿಲ್ಲ. ನಡುವೆ ಎದ್ದು ಹೊರಗೆ ಹೋಗಿ ಬಿಸಿ ಗೋಳಿಬಜೆ ತಿಂದು ಬಂದರೂ ನಮ್ಮ ಕುರ್ಚಿ ನಮಗಾಗಿಯೇ ಇತ್ತು, ಪಕ್ಕದವರು ಕರವಸ್ತ್ರ ಹಾಕಿ ಕಾದಿದ್ದರು. ರಾತ್ರಿ ಉಡುಪಿಗೆ ಕೊನೆಯ ಬಸ್ಸೂ ಸಿಕ್ಕಿತು. ಕೇಬಲ್‌ನಲ್ಲಿ ಅದು ಮರುಪ್ರಸಾರವಾದಾಗಲೆಲ್ಲ ಕಾಪುವಿನ ದೊಡ್ಡಮ್ಮ ‘ನೀನು ಕಾಣ್ತಾ ಇದ್ದಿ’ ಎಂದು ಫೋನ್ ಮಾಡುತ್ತಾರೆ.

ದೊಡ್ಡ ಹೆಸರಿನವರನ್ನು ಕಣ್ಣಾರೆ ನೋಡಲೇಬೇಕೆಂದರೆ ಮುಂಬೈ, ಹಾಡು ಕೇಳಲೇಬೇಕೆಂದರೆ ಸ್ಪರ್ಧಿಯ ಮನೆಯವರ ಪಾಸ್. ಹೊರಡುವ ಮೊದಲು ಕರೆದವರನ್ನು ಮೂರು ವಿಷಯ ಕೇಳಿಕೊಳ್ಳಿ: ಗೇಟಿನ ಪಟ್ಟಿಯಲ್ಲಿ ನಮ್ಮೆಲ್ಲರ ಹೆಸರು ಉಂಟಾ, ಮಕ್ಕಳನ್ನು ಬಿಡುತ್ತಾರಾ, ಅದೇ ದಿನ ಒಂದಕ್ಕಿಂತ ಹೆಚ್ಚು ಸಂಚಿಕೆ ತೆಗೆಯುತ್ತಾರಾ. ಮೂರನೆಯದಕ್ಕೆ ‘ಹೌದು’ ಎಂದರೆ ಬೆಂಗಳೂರಿನಿಂದ ಬರುವ ಪಂಚಗಂಗಾ ರೈಲಿನಲ್ಲೋ ರಾತ್ರಿ ಬಸ್ಸಿನಲ್ಲೋ ವಾಪಸ್ ಟಿಕೆಟನ್ನು ಅದೇ ದಿನಕ್ಕೆ ಮಾಡಬೇಡಿ, ಮರುದಿನಕ್ಕೆ ಮಾಡಿ. ಶಾಲು ಮಾತ್ರ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗನ್ನು ಒಳಗೆ ಬಿಡುವುದಿಲ್ಲ.